ಧ್ವನಿಗೆ ಹೆಸರಿಲ್ಲ

ನಮ್ಮ ಟಿವಿ ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ವರ್ಷಕ್ಕೆ ಎಷ್ಟೋ ಸಲ ಓಡುತ್ತೆ. "ಸಂಸತ್ತಿನಲ್ಲಿ ಮಸೂದೆ ಅಂಗೀಕಾರ, ಧ್ವನಿಮತದ ಮೂಲಕ ಒಪ್ಪಿಗೆ." ಓದಿದ್ದೀರಿ, ಮುಂದಿನ ಸುದ್ದಿಗೆ ಹೋಗಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಮಸೂದೆ ಪಾಸಾಯ್ತು ಅನ್ನೋದೇ ಸುದ್ದಿ, ಹೇಗೆ ಪಾಸಾಯ್ತು ಅನ್ನೋದು ತಾಂತ್ರಿಕ ವಿವರ ಅಂತ ಎಲ್ಲರಿಗೂ ಅನ್ನಿಸುತ್ತೆ.

ಆದರೆ ಆ ಒಂದು ಪದ, ಧ್ವನಿಮತ, ನಿಮ್ಮ ಕೈಯಿಂದ ಏನನ್ನೋ ತೆಗೆದುಕೊಂಡು ಹೋಗಿರುತ್ತೆ. ನಿಮ್ಮ ಸಂಸದರು ಆ ಕಾನೂನಿನ ಪರ ಇದ್ದರಾ, ವಿರುದ್ಧ ಇದ್ದರಾ, ಮತ ಹಾಕುವ ಹೊತ್ತಿಗೆ ಸದನದಲ್ಲಾದರೂ ಇದ್ದರಾ? ಈ ಮೂರು ಪ್ರಶ್ನೆಗೂ ಅಧಿಕೃತ ಉತ್ತರ ಆ ಕ್ಷಣದಿಂದ ಇಲ್ಲವಾಗುತ್ತೆ. ಆಮೇಲೆ ಹುಡುಕಿದರೂ ಸಿಗೋದಿಲ್ಲ. ಯಾಕೆಂದರೆ ಅದು ದಾಖಲಾಗಿಯೇ ಇರೋದಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅಂತ ಅರ್ಥ ಮಾಡಿಕೊಳ್ಳೋಕೆ ಸಂಸತ್ತಿನ ಒಂದು ದಿನವನ್ನು ತೆಗೆದುಕೊಳ್ಳೋಣ. 2020ರ ಸೆಪ್ಟೆಂಬರ್ 20. ಭಾನುವಾರ.

ಭಾನುವಾರ ಸಂಸತ್ತು ಯಾಕೆ ನಡೀತಿತ್ತು? ಕೊರೋನಾ ಕಾಲ. ಮುಂಗಾರು ಅಧಿವೇಶನ ವಾರಾಂತ್ಯದ ರಜೆಯಿಲ್ಲದೆ ನಡೆಯುತ್ತಿತ್ತು. ದೈಹಿಕ ಅಂತರಕ್ಕಾಗಿ ಒಂದು ಸದನದ ಸದಸ್ಯರನ್ನು ಎರಡೂ ಸದನಗಳ ಸಭಾಂಗಣದಲ್ಲಿ, ಗ್ಯಾಲರಿಗಳಲ್ಲಿ ಹಂಚಿ ಕೂರಿಸಲಾಗಿತ್ತು. ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ರಾಜ್ಯಸಭೆ, ಮಧ್ಯಾಹ್ನದ ನಂತರ ಲೋಕಸಭೆ. ಪ್ರಶ್ನೋತ್ತರ ಅವಧಿಯನ್ನು ಆ ಅಧಿವೇಶನದಲ್ಲಿ ಕೈಬಿಡಲಾಗಿತ್ತು.

ಅವತ್ತು ರಾಜ್ಯಸಭೆಯ ಮುಂದೆ ಇದ್ದದ್ದು ಎರಡು ಕೃಷಿ ಮಸೂದೆಗಳು. ಒಂದು, ಎಪಿಎಂಸಿ ಮಾರುಕಟ್ಟೆಯ ಆವರಣದ ಹೊರಗೂ ರೈತರ ಬೆಳೆಯನ್ನು ಮಾರಲು, ಕೊಳ್ಳಲು ಅವಕಾಶ ಕೊಡುವಂಥದ್ದು. ಇನ್ನೊಂದು, ಬಿತ್ತನೆಗೆ ಮೊದಲೇ ಬೆಲೆ ನಿಗದಿ ಮಾಡಿಕೊಳ್ಳುವ ಗುತ್ತಿಗೆ ಕೃಷಿಗೆ ಸಂಬಂಧಿಸಿದ್ದು. ಜೂನ್‌ನಲ್ಲಿ ಸುಗ್ರೀವಾಜ್ಞೆ ಮೂಲಕ ಬಂದಿದ್ದವು. ಸೆಪ್ಟೆಂಬರ್ 17ರಂದು ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾಗಿದ್ದವು. ಅದೇ ದಿನ ಅಕಾಲಿ ದಳದ ಹರ್‌ಸಿಮ್ರತ್ ಕೌರ್ ಬಾದಲ್ ಕೇಂದ್ರ ಸಂಪುಟಕ್ಕೆ ರಾಜೀನಾಮೆ ಕೊಟ್ಟಿದ್ದರು. ಅಂದರೆ ಸರ್ಕಾರದ ಒಳಗೇ ಭಿನ್ನಾಭಿಪ್ರಾಯ ಹುಟ್ಟಿಸಿದ ಮಸೂದೆಗಳು ಇವು.

ಆ ದಿನಕ್ಕೆ ನಮ್ಮ ಕರ್ನಾಟಕದ ನಂಟೂ ಇದೆ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ರಾಜ್ಯಸಭಾ ಸದಸ್ಯರಾಗಿ ಪ್ರಮಾಣವಚನ ಸ್ವೀಕರಿಸಿದ್ದು ಅವತ್ತೇ. ಕೃಷಿ ಮಸೂದೆಗಳ ಚರ್ಚೆಯಲ್ಲೂ ಮಾತಾಡಿದರು. ಸಾಂಕ್ರಾಮಿಕದ ನಡುವೆ ಇಷ್ಟು ಅವಸರ ಯಾಕೆ ಅಂತ ಪ್ರಧಾನಿ ವಿವರಿಸಬೇಕು ಅನ್ನೋದು ಅವರ ಪ್ರಶ್ನೆಯಾಗಿತ್ತು.

ಚರ್ಚೆ ನಡೀತು. ಮಧ್ಯಾಹ್ನ 1 ಗಂಟೆ ಹತ್ತಿರ ಬಂತು. ಸಚಿವರ ಉತ್ತರ, ಮತದಾನ ನಾಳೆ ಆಗಲಿ ಅಂತ ವಿರೋಧ ಪಕ್ಷಗಳು ಹೇಳಿದವು. ಪೀಠದಲ್ಲಿದ್ದ ಉಪಸಭಾಪತಿ ಹರಿವಂಶ್ ಕಲಾಪವನ್ನು ಮುಂದುವರಿಸಿದರು. ಗದ್ದಲ ಶುರುವಾಯ್ತು. ಮಸೂದೆಗಳನ್ನು ಆಯ್ಕೆ ಸಮಿತಿಗೆ ಕಳಿಸಬೇಕು ಅನ್ನುವ ಸೂಚನೆಗಳು ಮತಕ್ಕೆ ಬಂದಾಗ ವಿರೋಧ ಪಕ್ಷದ ಸದಸ್ಯರು ಕೇಳಿದ್ದು ಒಂದೇ ಶಬ್ದ: ಡಿವಿಷನ್. ಕನ್ನಡದಲ್ಲಿ ಮತ ವಿಭಜನೆ. ಅದು ಸಿಗಲಿಲ್ಲ. ಸದಸ್ಯರು ಅಂಗಳಕ್ಕೆ ನುಗ್ಗಿದರು, ಪೀಠದ ಮುಂದಿನ ಮೈಕ್ ಎಳೆದಾಡಿದರು, ನಿಯಮಾವಳಿ ಪುಸ್ತಕ ಹಿಡಿದು ಕೂಗಿದರು. ರಾಜ್ಯಸಭಾ ಟಿವಿಯ ನೇರ ಪ್ರಸಾರದಲ್ಲಿ ಸ್ವಲ್ಪ ಹೊತ್ತು ಧ್ವನಿಯೇ ಹೋಯ್ತು. ಆ ಗದ್ದಲದ ನಡುವೆಯೇ ಎರಡೂ ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾದವು.

ಮರುದಿನ ಎಂಟು ಸದಸ್ಯರ ಅಮಾನತು. ಅದರಲ್ಲಿ ಕರ್ನಾಟಕದಿಂದ ಆಯ್ಕೆಯಾಗಿದ್ದ ಕಾಂಗ್ರೆಸ್‌ನ ಸೈಯದ್ ನಾಸಿರ್ ಹುಸೇನ್ ಕೂಡ ಒಬ್ಬರು. ಅಮಾನತಾದವರು ಗಾಂಧಿ ಪ್ರತಿಮೆ ಹತ್ತಿರ ರಾತ್ರಿಯಿಡೀ ಕೂತರು. ಮರುದಿನ ಬೆಳಗ್ಗೆ ಹರಿವಂಶ್ ಅವರೇ ಚಹಾ ತಂದರು. ಆ ಚಹಾದ ದೃಶ್ಯ ಎಲ್ಲ ಚಾನೆಲ್‌ಗಳಲ್ಲೂ ಬಂತು. ಮೈಕ್ ಎಳೆದ ದೃಶ್ಯವೂ ಬಂತು.

ಈಗ ಹೇಳಿ, ಅವತ್ತು ರಾಜ್ಯಸಭೆಯಲ್ಲಿ ಮಸೂದೆ ಪರ ಎಷ್ಟು ಮತ? ವಿರುದ್ಧ ಎಷ್ಟು? ಸರ್ಕಾರ ಗೆಲ್ಲುತ್ತಿತ್ತು ಅಂತ ಆಡಳಿತ ಪಕ್ಷ ಹೇಳುತ್ತೆ. ಸಂಖ್ಯೆ ಇರಲಿಲ್ಲ, ಅದಕ್ಕೇ ಡಿವಿಷನ್ ಕೊಡಲಿಲ್ಲ ಅಂತ ವಿರೋಧ ಪಕ್ಷ ಹೇಳುತ್ತೆ. ಇಬ್ಬರ ಮಾತನ್ನೂ ಪರೀಕ್ಷಿಸೋಕೆ ಒಂದು ಪುಟದ ದಾಖಲೆ ಸಾಕಿತ್ತು. ಆ ಪುಟ ಹುಟ್ಟಲೇ ಇಲ್ಲ.

ಹಾಗಾದರೆ ನಿಯಮ ಏನು ಹೇಳುತ್ತೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಾನು ಓದಿದ್ದು ಎಂಜಿನಿಯರಿಂಗ್. ಯಾವುದೇ ವ್ಯವಸ್ಥೆಯನ್ನು ನೋಡಿದರೂ ಇನ್‌ಪುಟ್ ಏನು, ಔಟ್‌ಪುಟ್ ಏನು, ನಡುವೆ ಏನಾಗುತ್ತೆ ಅಂತ ನೋಡೋ ಅಭ್ಯಾಸ ಬಿಟ್ಟಿಲ್ಲ. ಸಂಸತ್ತಿನ ಮತದಾನವನ್ನೂ ಹಾಗೇ ಬಿಚ್ಚಿ ನೋಡಬಹುದು.

ಮೊದಲ ಹಂತ. ಚರ್ಚೆ ಮುಗಿದ ಮೇಲೆ ಪೀಠದಲ್ಲಿರುವವರು ಪ್ರಶ್ನೆಯನ್ನು ಸದನದ ಮುಂದಿಡುತ್ತಾರೆ. ಒಪ್ಪುವವರು 'ಹೌದು' ಅನ್ನಿ, ಒಪ್ಪದವರು 'ಇಲ್ಲ' ಅನ್ನಿ. ಎರಡೂ ಕಡೆಯಿಂದ ಕೂಗು ಬರುತ್ತೆ. ಯಾವ ಕಡೆ ಹೆಚ್ಚು ಅಂತ ತಮಗೆ ಅನ್ನಿಸುತ್ತೋ ಅದನ್ನು ಪೀಠ ಘೋಷಿಸುತ್ತೆ. ಯಾರೂ ತಕರಾರು ಮಾಡದಿದ್ದರೆ ವಿಷಯ ಅಲ್ಲಿಗೆ ಮುಗೀತು. ಇದೇ ಧ್ವನಿಮತ. ಡೆಸಿಬೆಲ್ ಮೀಟರ್ ಏನೂ ಇಟ್ಟಿರೋದಿಲ್ಲ. ಒಬ್ಬ ವ್ಯಕ್ತಿಯ ಕಿವಿ, ಒಬ್ಬ ವ್ಯಕ್ತಿಯ ಅಂದಾಜು, ಅಷ್ಟೆ.

ಎರಡನೇ ಹಂತ. ಪೀಠದ ಆ ಅಂದಾಜನ್ನು ಯಾರಾದರೂ ಒಪ್ಪದಿದ್ದರೆ? ಆಗ ಡಿವಿಷನ್. ಲೋಕಸಭೆಯಲ್ಲಿ ನಿಯಮ 367, ರಾಜ್ಯಸಭೆಯಲ್ಲಿ ನಿಯಮ 252ರಿಂದ ಮುಂದಿನವು ಇದನ್ನೇ ಹೇಳುತ್ತವೆ. ಗಮನಿಸಿ, ಡಿವಿಷನ್ ಕೇಳೋಕೆ ಐವತ್ತು ಜನ ಬೇಡ, ಪಕ್ಷದ ನಾಯಕನೇ ಆಗಬೇಕಿಲ್ಲ. ಒಬ್ಬ ಸದಸ್ಯ ಎದ್ದು "ನಿಮ್ಮ ತೀರ್ಮಾನ ನನಗೆ ಒಪ್ಪಿಗೆಯಿಲ್ಲ" ಅಂದರೆ ಸಾಕು.

ಮೂರನೇ ಹಂತ. ಲಾಬಿ ತೆರವು ಮಾಡಿ ಅಂತ ಆದೇಶ. ಲೋಕಸಭೆಯಲ್ಲಿ ಮೂರೂವರೆ ನಿಮಿಷ ಗಂಟೆ ಬಾರಿಸುತ್ತೆ. ಕ್ಯಾಂಟೀನ್‌ನಲ್ಲಿ, ಗ್ರಂಥಾಲಯದಲ್ಲಿ, ಮೊಗಸಾಲೆಯಲ್ಲಿ ಇರುವ ಸದಸ್ಯರು ಓಡೋಡಿ ಬರಬೇಕು. ಆಮೇಲೆ ಬಾಗಿಲು ಬಂದ್. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಪ್ರಶ್ನೆಯನ್ನು ಮತ್ತೊಮ್ಮೆ ಇಡುತ್ತಾರೆ. ಆಗಲೂ ತಕರಾರು ಇದ್ದರೆ ಮತ ಎಣಿಕೆ.

ನಾಲ್ಕನೇ ಹಂತ, ಯಂತ್ರ. ಪ್ರತಿ ಸದಸ್ಯನ ಸೀಟಿನ ಮುಂದೆ ಬಟನ್‌ಗಳಿವೆ. ಹೌದು, ಇಲ್ಲ, ತಟಸ್ಥ. ಒಂದು ಬಟನ್ ಒತ್ತಿದರೆ ಮತ ಬೀಳೋದಿಲ್ಲ. ಮತ ಆರಂಭಿಸುವ ಸ್ವಿಚ್ ಬೇರೆ ಇದೆ, ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಒಂದು ಸಲ ಗಂಟೆ ಬಡಿದ ಮೇಲೆ 10 ಸೆಕೆಂಡ್, ಎರಡನೇ ಗಂಟೆ ಬಡಿಯೋವರೆಗೆ ಬೆರಳು ತೆಗೆಯುವ ಹಾಗಿಲ್ಲ. ಕಾರ್ಖಾನೆಯ ಪ್ರೆಸ್ ಮಷಿನ್ ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ. ಎರಡೂ ಕೈ ಬಳಸಿದರೆ ಮಾತ್ರ ಯಂತ್ರ ಚಾಲೂ ಆಗುತ್ತೆ. ಅಲ್ಲಿ ಅದು ಕೈ ಉಳಿಸೋಕೆ. ಇಲ್ಲಿ, ಪಕ್ಕದ ಖಾಲಿ ಸೀಟಿನ ಬಟನ್ ಒತ್ತೋಕೆ ಮೂರನೇ ಕೈ ಬೇಕಾಗುತ್ತೆ. ಯಂತ್ರ ಕೆಲಸ ಮಾಡದಿದ್ದರೆ, ಸೀಟು ಹಂಚಿಕೆ ಆಗದಿದ್ದರೆ ಕಾಗದದ ಚೀಟಿ. ಅದರಲ್ಲೂ ಸದಸ್ಯ ಹೆಸರು ಬರೆದು ಸಹಿ ಹಾಕಬೇಕು.

ಕೊನೆಗೆ ಔಟ್‌ಪುಟ್. ಬರೀ ಒಟ್ಟು ಸಂಖ್ಯೆಯಲ್ಲ, ಹೆಸರುಗಳ ಪಟ್ಟಿ. ಯಾರು ಹೌದು, ಯಾರು ಇಲ್ಲ, ಯಾರು ತಟಸ್ಥ. ಅದು ಆ ದಿನದ ಕಲಾಪದ ಮುದ್ರಿತ ವರದಿಯೊಳಗೆ ಶಾಶ್ವತವಾಗಿ ಸೇರುತ್ತೆ.

ಇಡೀ ಪ್ರಕ್ರಿಯೆಯಲ್ಲಿ ಎರಡು ಕಿಂಡಿಗಳಿವೆ. ಒಂದು, ಅನವಶ್ಯಕವಾಗಿ ಡಿವಿಷನ್ ಕೇಳುತ್ತಿದ್ದಾರೆ ಅಂತ ಲೋಕಸಭಾ ಸ್ಪೀಕರ್‌ಗೆ ಅನ್ನಿಸಿದರೆ, ಪರ ಇರುವವರು ನಿಲ್ಲಿ, ವಿರುದ್ಧ ಇರುವವರು ನಿಲ್ಲಿ ಅಂತ ತಲೆ ಎಣಿಸಿ ಮುಗಿಸಬಹುದು. ಆಗ ಹೆಸರು ದಾಖಲಾಗಲ್ಲ. ಎರಡು, ಸದಸ್ಯರು ತಮ್ಮ ತಮ್ಮ ಜಾಗದಲ್ಲಿ ಇರಬೇಕು. 2020ರ ಆ ಭಾನುವಾರ ಪೀಠದ ಕಡೆಯಿಂದ ಬಂದ ವಾದ ಇದೇ: ಸದನ ಶಿಸ್ತಿನಲ್ಲಿ ಇರಲಿಲ್ಲ, ಸದಸ್ಯರು ಜಾಗದಲ್ಲಿ ಇರಲಿಲ್ಲ, ಡಿವಿಷನ್ ಹೇಗೆ ನಡೆಸೋದು? ಡಿವಿಷನ್ ಕೇಳಿದ್ದ ಕೆಲವರು, ಕೇಳುವಾಗ ನಾವು ನಮ್ಮ ಸೀಟಿನಲ್ಲೇ ಇದ್ದೆವು ಅಂದರು. ಡಿವಿಷನ್ ಸಿಗದ್ದಕ್ಕೆ ಗದ್ದಲವೋ, ಗದ್ದಲ ಆಗಿದ್ದಕ್ಕೆ ಡಿವಿಷನ್ ಸಿಗಲಿಲ್ಲವೋ? ಎರಡೂ ಕಡೆ ತಮ್ಮ ತಮ್ಮ ಉತ್ತರ ಇದೆ. ಆದರೆ ಹತ್ತು ನಿಮಿಷ ಸದನ ಮುಂದೂಡಿ, ಎಲ್ಲರನ್ನೂ ಕೂರಿಸಿ, ಮತ ಎಣಿಸೋ ದಾರಿಯೂ ಇತ್ತು. ಮರುದಿನವೂ ಇತ್ತು. ಇದನ್ನು ಹೇಳೋಕೆ ಯಾವ ಪಕ್ಷದವರೂ ಆಗಬೇಕಿಲ್ಲ.

ಒಂದು ಮತ ಎಷ್ಟು ತೂಗುತ್ತೆ?

"ಹೇಗೂ ಬಹುಮತ ಯಾರಿಗಿದೆ ಅಂತ ಗೊತ್ತಿರುತ್ತಲ್ಲ ಸ್ವಾಮಿ, ಎಣಿಸಿ ಏನಾಗಬೇಕು?" ಈ ಪ್ರಶ್ನೆ ಬರುತ್ತೆ. ಅದಕ್ಕೆ ಉತ್ತರ 1999ರ ಏಪ್ರಿಲ್ 17ರಲ್ಲಿದೆ.

ಜಯಲಲಿತಾ ಅವರ ಎಐಎಡಿಎಂಕೆ ಬೆಂಬಲ ಹಿಂತೆಗೆದುಕೊಂಡಿತ್ತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಬಹುಮತ ಸಾಬೀತು ಮಾಡಿ ಅಂದಿದ್ದರು. ವಾಜಪೇಯಿ ವಿಶ್ವಾಸಮತ ಕೇಳಿದರು. ಚರ್ಚೆ ಮುಗಿದು ಆ ಶನಿವಾರ ಮತದಾನ. ಬಿಎಸ್‌ಪಿ ತಟಸ್ಥವಾಗಿ ಉಳಿಯುತ್ತೆ ಅನ್ನೋ ನಿರೀಕ್ಷೆ ಸರ್ಕಾರಕ್ಕಿತ್ತು. ಮಾಯಾವತಿ ವಿರುದ್ಧ ಮತ ಹಾಕಿಸಿದರು. ನ್ಯಾಷನಲ್ ಕಾನ್ಫರೆನ್ಸ್ ಸರ್ಕಾರದ ಜೊತೆಗಿತ್ತು. ಅದರ ಸೈಫುದ್ದೀನ್ ಸೋಜ್ ಪಕ್ಷದ ಮಾತು ಮೀರಿ ವಿರುದ್ಧ ಮತ ಹಾಕಿದರು, ಪಕ್ಷದಿಂದ ಹೊರಬಿದ್ದರು. ಇನ್ನೊಬ್ಬರು ಕಾಂಗ್ರೆಸ್‌ನ ಗಿರಿಧರ್ ಗಮಾಂಗ್. ಎರಡು ತಿಂಗಳ ಹಿಂದೆಯೇ ಒಡಿಶಾದ ಮುಖ್ಯಮಂತ್ರಿ ಆಗಿದ್ದರು, ಆದರೆ ಲೋಕಸಭಾ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಅವರು ಬಂದು ಮತ ಹಾಕಬಹುದಾ? ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಅದನ್ನು ಅವರ ಆತ್ಮಸಾಕ್ಷಿಗೇ ಬಿಟ್ಟರು. ಗಮಾಂಗ್ ಮತ ಹಾಕಿದರು.

ಫಲಕದಲ್ಲಿ ಸಂಖ್ಯೆ ಮೂಡಿತು. ಪರ 269, ವಿರುದ್ಧ 270.

ಇಲ್ಲಿ ಲೆಕ್ಕ ನೋಡಿ. ವಿರುದ್ಧ ಹಾಕಿದವರಲ್ಲಿ ಒಬ್ಬರು ತಟಸ್ಥ ಆಗಿದ್ದರೆ 269-269. ಸಂವಿಧಾನದ 100ನೇ ವಿಧಿ ಪ್ರಕಾರ ಪೀಠದಲ್ಲಿರುವವರು ಮೊದಲ ಸುತ್ತಿನಲ್ಲಿ ಮತ ಹಾಕೋ ಹಾಗಿಲ್ಲ, ಸಮ ಬಂದಾಗ ಮಾತ್ರ ನಿರ್ಣಾಯಕ ಮತ. ಸ್ಪೀಕರ್ ಬಾಲಯೋಗಿ ಸರ್ಕಾರವನ್ನು ಬೆಂಬಲಿಸುತ್ತಿದ್ದ ತೆಲುಗುದೇಶಂನಿಂದ ಬಂದವರು. ಅವರ ಸರದಿ ಬರಲೇ ಇಲ್ಲ. ಹಾಗೆಯೇ ಒಬ್ಬರು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ 270-269, ಸರ್ಕಾರ ಉಳೀತಿತ್ತು. ಸರ್ಕಾರ ಬಿತ್ತು. ಪರ್ಯಾಯ ಸರ್ಕಾರ ಆಗಲಿಲ್ಲ. ಏಪ್ರಿಲ್ 26ಕ್ಕೆ ಲೋಕಸಭೆ ವಿಸರ್ಜನೆ. ಮುಂದಿನ ತಿಂಗಳು ಕಾರ್ಗಿಲ್ ಶುರುವಾದಾಗ ದೆಹಲಿಯಲ್ಲಿ ಇದ್ದದ್ದು ಉಸ್ತುವಾರಿ ಸರ್ಕಾರ.

ಅವತ್ತು ಎರಡೂ ಕಡೆಯ ಕೂಗನ್ನು ಕೇಳಿ ಯಾವ ಮನುಷ್ಯನ ಕಿವಿ 269ಕ್ಕೂ 270ಕ್ಕೂ ವ್ಯತ್ಯಾಸ ಹೇಳುತ್ತಿತ್ತು? ನಾನು ಆಗ ಶಾಲೆಗೆ ಹೋಗುತ್ತಿದ್ದ ಹುಡುಗ. ಗಮಾಂಗ್ ಅನ್ನೋ ಹೆಸರು ನನಗೆ ಇವತ್ತಿಗೂ ಗೊತ್ತು. ಆ ಮತ ಸರಿಯೋ ತಪ್ಪೋ ಅಂತ ಇಪ್ಪತ್ತೈದು ವರ್ಷ ಆದ ಮೇಲೂ ಜನ ವಾದ ಮಾಡ್ತಾರೆ. ವಾದ ಮಾಡೋಕೆ ಸಾಧ್ಯವಾಗಿರೋದು ಅದು ದಾಖಲಾಗಿರೋದರಿಂದ.

ನಮ್ಮ ಕನ್ನಡಿಗರ ಲೆಕ್ಕವೂ ಹೀಗೇ ಉಳಿದಿದೆ. 1997ರ ಏಪ್ರಿಲ್ 11ರಂದು ದೇವೇಗೌಡರ ಸರ್ಕಾರ ಬಿದ್ದಿದ್ದು 158-292 ಮತಗಳಿಂದ. 2008ರ ಜುಲೈ 22ರಂದು ಅಣು ಒಪ್ಪಂದದ ವಿಚಾರದಲ್ಲಿ ಮನಮೋಹನ್ ಸಿಂಗ್ ಸರ್ಕಾರ 275-256ರಲ್ಲಿ ಗೆದ್ದಾಗ, ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ಪಕ್ಷದ ವಿಪ್ ಮೀರಿ ಸರ್ಕಾರದ ಪರ ಮತ ಹಾಕಿದರು. ಪಕ್ಷ ಉಚ್ಚಾಟಿಸಿತು. ಅದು ಸರಿ ಅಂದವರೂ ಇದ್ದರು, ತಪ್ಪು ಅಂದವರೂ ಇದ್ದರು. ಆದರೆ ಬೆಂಗಳೂರು ಉತ್ತರದ ಮತದಾರನಿಗೆ ತನ್ನ ಸಂಸದ ಏನು ಮಾಡಿದ ಅನ್ನೋದು ಗೊತ್ತಿತ್ತು. ಮುಂದೆ ಏನು ಮಾಡಬೇಕು ಅನ್ನೋದು ಅವನ ಇಷ್ಟ.

ಇದು ಒಂದು ಪಕ್ಷದ ಚಾಳಿಯಲ್ಲ

ಕೃಷಿ ಮಸೂದೆಯ ಉದಾಹರಣೆ ಕೊಟ್ಟ ಕೂಡಲೇ ಕೆಲವರು ಇದು ಒಂದು ಪಕ್ಷದ ವಿರುದ್ಧದ ಮಾತು ಅಂದುಕೊಳ್ಳಬಹುದು. ಹಾಗಾದರೆ 2014ರ ಫೆಬ್ರುವರಿ 18ಕ್ಕೆ ಬನ್ನಿ. ಯುಪಿಎ ಸರ್ಕಾರ. ಆಂಧ್ರಪ್ರದೇಶವನ್ನು ಎರಡು ಭಾಗ ಮಾಡಿ ತೆಲಂಗಾಣ ರಚಿಸುವ ಮಸೂದೆ. ಐದು ದಿನ ಮೊದಲು ಇದೇ ಮಸೂದೆಗಾಗಿ ಲೋಕಸಭೆಯೊಳಗೆ ಒಬ್ಬ ಸಂಸದರು ಪೆಪ್ಪರ್ ಸ್ಪ್ರೇ ಸಿಂಪಡಿಸಿದ್ದರು. 18ರಂದು ಸದನದ ಬಾಗಿಲು ಮುಚ್ಚಿದ್ದವು, ನೇರ ಪ್ರಸಾರ ನಿಂತುಹೋಯ್ತು, ತಾಂತ್ರಿಕ ತೊಂದರೆ ಅಂತ ಕಾರಣ ಬಂತು. ಒಂದು ರಾಜ್ಯವನ್ನು ಎರಡು ಮಾಡುವ ಮಸೂದೆ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಯ್ತು. ಆಗ ಅದನ್ನು ವಿರೋಧಿಸಿದ ಸೀಮಾಂಧ್ರದವನಿಗೂ, ಸಂಭ್ರಮಿಸಿದ ತೆಲಂಗಾಣದವನಿಗೂ, ಯಾವ ಸಂಸದರು ಹೌದು ಅಂದರು ಅನ್ನುವ ಪಟ್ಟಿ ಸಿಗಲಿಲ್ಲ.

ಅಧಿಕಾರದಲ್ಲಿ ಇದ್ದಾಗ ಎಲ್ಲರಿಗೂ ಧ್ವನಿಮತ ಇಷ್ಟ. ವಿರೋಧ ಪಕ್ಷದಲ್ಲಿ ಕೂತಾಗ ಎಲ್ಲರಿಗೂ ಡಿವಿಷನ್ ನೆನಪಾಗುತ್ತೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಗಂಟೆಗಟ್ಟಲೆ ಕೂತು ಹೆಸರು ಹಿಡಿದು ಮತ ಹಾಕಿದ ದಿನಗಳೂ ಇವೆ. 2023ರ ಸೆಪ್ಟೆಂಬರ್ 20ರಂದು, ಅಂದರೆ ಆ ಕೃಷಿ ಮಸೂದೆಗಳ ಭಾನುವಾರಕ್ಕೆ ಸರಿಯಾಗಿ ಮೂರು ವರ್ಷಕ್ಕೆ, ಮಹಿಳಾ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ ಚೀಟಿ ಮೂಲಕ ಮತಕ್ಕೆ ಬಂತು. ಪರ 454, ವಿರುದ್ಧ 2. ಆ ಇಬ್ಬರು ಯಾರು ಅಂತ ಇಡೀ ದೇಶಕ್ಕೆ ಗೊತ್ತು: ಎಐಎಂಐಎಂನ ಅಸಾದುದ್ದೀನ್ ಒವೈಸಿ ಮತ್ತು ಇಮ್ತಿಯಾಜ್ ಜಲೀಲ್. ಅವರೂ ಮುಚ್ಚಿಡಲಿಲ್ಲ, ಕಾರಣ ಹೇಳಿದರು. ಮರುದಿನ ರಾಜ್ಯಸಭೆಯಲ್ಲಿ 214-0. 2025ರ ಏಪ್ರಿಲ್ 2ರಂದು ವಕ್ಫ್ ತಿದ್ದುಪಡಿ ಮಸೂದೆ ಮೇಲಿನ ಚರ್ಚೆ ಮಧ್ಯರಾತ್ರಿ ದಾಟಿತು, ಮತ 288-232. ರಾಜ್ಯಸಭೆಯಲ್ಲಿ 128-95. ಆ ಕಾನೂನನ್ನು ನೀವು ಒಪ್ಪಬಹುದು, ಬಿಡಬಹುದು. ನಿಮ್ಮ ಸಂಸದರು ಎಲ್ಲಿ ನಿಂತರು ಅನ್ನೋದರಲ್ಲಿ ಮಾತ್ರ ಅನುಮಾನವಿಲ್ಲ. ಇಷ್ಟು ಕಾವೇರಿದ ವಿಷಯದಲ್ಲೂ ರಾತ್ರಿ ಒಂದೆರಡು ಗಂಟೆಗೆ ಕೂತು ಎಣಿಸೋಕೆ ಸಾಧ್ಯವಾಯ್ತು ಅಂದಮೇಲೆ, ಬೇರೆ ಮಸೂದೆಗಳಿಗೆ ಯಾಕೆ ಸಾಧ್ಯವಾಗಬಾರದು?

ಸಂವಿಧಾನ ತಿದ್ದುಪಡಿಗೆ ಈ ಗೊಂದಲವೇ ಇಲ್ಲ. 368ನೇ ವಿಧಿ ಪ್ರಕಾರ ಸದನದ ಒಟ್ಟು ಸದಸ್ಯಬಲದ ಬಹುಮತ ಬೇಕು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು. ಎಣಿಸದೆ ಇದನ್ನು ಹೇಳೋಕೆ ಬರಲ್ಲ. ಮಹಿಳಾ ಮೀಸಲಾತಿ ಅಂಥ ತಿದ್ದುಪಡಿ, ಹಾಗಾಗಿ ಎಣಿಸಲೇಬೇಕಿತ್ತು. ಸಾಮಾನ್ಯ ಕಾನೂನಿಗೆ ಈ ಕಡ್ಡಾಯ ಇಲ್ಲ. ಆದರೆ ನಮ್ಮ ಬೆಳೆ, ಕೂಲಿ, ತೆರಿಗೆ, ಫೋನು, ಆಸ್ಪತ್ರೆ, ಕಾಲೇಜು, ಎಲ್ಲವನ್ನೂ ದಿನನಿತ್ಯ ಮುಟ್ಟೋದು ಈ ಸಾಮಾನ್ಯ ಕಾನೂನುಗಳೇ.

ವಿಪ್ ಇದ್ದಮೇಲೆ ಹೆಸರು ಯಾಕೆ?

ಇನ್ನೊಂದು ವಾದ ಇದೆ, ತೂಕದ ವಾದ. 1985ರ ಪಕ್ಷಾಂತರ ನಿಷೇಧ ಕಾನೂನು ಬಂದಮೇಲೆ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಅದು ನಮಗೆ ಯಾರೂ ಪಾಠ ಹೇಳಬೇಕಿಲ್ಲ. 2019ರ ಜುಲೈನಲ್ಲಿ ವಿಪ್, ರಾಜೀನಾಮೆ, ಅನರ್ಹತೆ ಅನ್ನೋ ಪದಗಳನ್ನು ಕರ್ನಾಟಕದ ಮನೆಮನೆಯಲ್ಲೂ ಮಾತಾಡಿದ್ದೇವೆ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿದ್ದಾಗ ಶಾಸಕರನ್ನು ಸಾಲುಸಾಲಾಗಿ ನಿಲ್ಲಿಸಿ ಎಣಿಸಿದ್ದನ್ನು ನೀವೇ ಟಿವಿಯಲ್ಲಿ ನೋಡಿದ್ದೀರಿ. ಹಾಗಾದರೆ ಪಕ್ಷ ಹೇಳಿದ ಕಡೆ ಕೈಯೆತ್ತುವ ಸಂಸದನ ಹೆಸರು ದಾಖಲಾದರೆಷ್ಟು, ಬಿಟ್ಟರೆಷ್ಟು?

ಮೂರು ಕಾರಣಕ್ಕೆ ಬೇಕು.

ಒಂದು, ಹಾಜರಾತಿ. ವಿಪ್ ಇದ್ದರೂ ಮುಖ್ಯ ಮತದ ಹೊತ್ತಿಗೆ ಕಾಣೆಯಾಗುವ ಸದಸ್ಯರು ಎಲ್ಲ ಪಕ್ಷದಲ್ಲೂ ಇದ್ದಾರೆ. ಬೆಳಗ್ಗೆ ಹಾಜರಿ ಹಾಕಿದವರು ಸಂಜೆ ಮತಕ್ಕೆ ಇದ್ದರಾ ಅಂತ ಡಿವಿಷನ್ ಮಾತ್ರ ಹೇಳುತ್ತೆ.

ಎರಡು, ಇದು ನನಗೆ ಮುಖ್ಯ ಅನ್ನಿಸೋದು, ಎರಡು ನಾಲಿಗೆಯ ರಾಜಕಾರಣ. ಸರ್ಕಾರದಲ್ಲಿಲ್ಲದ, ಆದರೆ ಸರ್ಕಾರವನ್ನು ಎದುರು ಹಾಕಿಕೊಳ್ಳೋಕೂ ಇಷ್ಟವಿಲ್ಲದ ಪಕ್ಷಗಳಿಗೆ ಧ್ವನಿಮತದಷ್ಟು ಅನುಕೂಲ ಇನ್ನೊಂದಿಲ್ಲ. ದೆಹಲಿಯಲ್ಲಿ ಸುಮ್ಮನಿದ್ದು, ಊರಿಗೆ ಬಂದು "ನಾವು ವಿರೋಧಿಸಿದೆವು" ಅನ್ನಬಹುದು. ಅಥವಾ ತಿರುಗಾಮುರುಗಾ. ಕೃಷಿ ಕಾನೂನಿನ ವಿರುದ್ಧ 2020ರ ಸೆಪ್ಟೆಂಬರ್ 28ಕ್ಕೆ ಕರ್ನಾಟಕ ಬಂದ್ ಆಯ್ತು. ಅದರಲ್ಲಿ ರಾಜ್ಯದ ಎಪಿಎಂಸಿ ಮತ್ತು ಭೂಸುಧಾರಣೆ ತಿದ್ದುಪಡಿಗಳ ವಿರೋಧವೂ ಸೇರಿತ್ತು. ಬೀದಿಗೆ ಬಂದ ರೈತನಿಗೆ, ವೇದಿಕೆ ಮೇಲೆ ಭಾಷಣ ಮಾಡುವವರ ಪಕ್ಷ ಎಂಟು ದಿನದ ಹಿಂದೆ ರಾಜ್ಯಸಭೆಯಲ್ಲಿ ಏನು ಮಾಡಿತು ಅಂತ ದಾಖಲೆ ನೋಡಿ ತಿಳಿಯುವ ಅವಕಾಶ ಇರಲಿಲ್ಲ. ಆ ಕಾನೂನನ್ನು ಬೆಂಬಲಿಸಿದ ರೈತನಿಗೂ ಇರಲಿಲ್ಲ.

ಮೂರು, ಒಪ್ಪಿಗೆ. ಕಾನೂನು ಇಷ್ಟವಾಗದವನು ಕೂಡ ಅದನ್ನು ಪಾಲಿಸೋದು ಯಾಕೆ? ಎಣಿಸಿದರು, ನಮ್ಮ ಕಡೆ ಕಮ್ಮಿ ಬಂತು ಅನ್ನುವ ಕಾರಣಕ್ಕೆ. ಎಣಿಸದೇ ಇದ್ದಾಗ ಸೋತವನಿಗೆ ಸೋತೆ ಅನ್ನಿಸೋದಿಲ್ಲ, ಮೋಸ ಹೋದೆ ಅನ್ನಿಸುತ್ತೆ. 2020ರ ನವೆಂಬರ್ ಕೊನೆಯಲ್ಲಿ ಪಂಜಾಬ್, ಹರಿಯಾಣದ ರೈತರು ದೆಹಲಿ ಗಡಿಗೆ ಬಂದು ಒಂದು ವರ್ಷಕ್ಕೂ ಹೆಚ್ಚು ಕಾಲ ಕೂತದ್ದಕ್ಕೆ ಕಾರಣಗಳು ಹಲವು. ಕನಿಷ್ಠ ಬೆಂಬಲ ಬೆಲೆ, ಮಂಡಿ, ಅಪನಂಬಿಕೆ. ಮತ ಎಣಿಸಿದ್ದರೆ ಹೋರಾಟವೇ ಆಗುತ್ತಿರಲಿಲ್ಲ ಅಂತ ನಾನು ಹೇಳಲ್ಲ. ಆದರೆ "ನಮ್ಮ ಮೇಲೆ ಹೇರಿದರು" ಅನ್ನುವ ಮಾತಿಗೆ ಆ ಭಾನುವಾರದ ದೃಶ್ಯಗಳು ಬಲ ಕೊಟ್ಟವು.

ಆ ಕಥೆಯ ಕೊನೆ ಗಮನಿಸಿ. 2021ರ ನವೆಂಬರ್ 19ಕ್ಕೆ ಪ್ರಧಾನಿ ಕಾನೂನು ವಾಪಸ್ ಅಂದರು. ನವೆಂಬರ್ 29ಕ್ಕೆ ವಾಪಸಾತಿ ಮಸೂದೆ ಎರಡೂ ಸದನದಲ್ಲಿ ಬಂತು. ಸರಿಯಾದ ಚರ್ಚೆಯೂ ಇಲ್ಲದೆ ಒಂದೇ ದಿನದಲ್ಲಿ ಪಾಸಾಯ್ತು. ಹೇಗೆ ಗೊತ್ತಾ? ಧ್ವನಿಮತದಿಂದ. ಬಂದಿದ್ದೂ ಧ್ವನಿಮತದಲ್ಲಿ, ಹೋಗಿದ್ದೂ ಧ್ವನಿಮತದಲ್ಲಿ. ಈ ದೇಶದ ರೈತರಿಗೆ ಸಂಬಂಧಿಸಿದ ಅಷ್ಟು ದೊಡ್ಡ ವಿವಾದದ ಆರಂಭದಲ್ಲೂ ಅಂತ್ಯದಲ್ಲೂ, ಮಸೂದೆ ಪಾಸಾದ ಗಳಿಗೆಯಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನೋ ಪಟ್ಟಿ ಇಲ್ಲ.

ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಒಂದು ಮಾತು ಥಟ್ಟನೆ ಅರ್ಥವಾಗುತ್ತೆ: ಲಾಗ್ ಇಲ್ಲದ ಸಿಸ್ಟಮ್. ಫಲಿತಾಂಶ ಬರುತ್ತೆ, ಎಲ್ಲ ಸರಿಯಿದ್ದಾಗ ಯಾರಿಗೂ ತೊಂದರೆಯಿಲ್ಲ. ಏನಾದರೂ ಕೆಟ್ಟಾಗ ಮಾತ್ರ, ಎಲ್ಲಿ ಕೆಟ್ಟಿತು, ಯಾವ ಹಂತದಲ್ಲಿ ಯಾರು ಒಪ್ಪಿದರು ಅಂತ ಹುಡುಕೋಕೆ ಹೋದರೆ ಖಾಲಿ.

ಧ್ವನಿಮತವೇ ಬೇಡ ಅಂತಲ್ಲ. ಸದನ ದಿನಕ್ಕೆ ಹತ್ತಾರು ಸಣ್ಣ ಸೂಚನೆಗಳನ್ನು ತೀರ್ಮಾನಿಸುತ್ತೆ. ತಕರಾರಿಲ್ಲದ ವಿಷಯಕ್ಕೆಲ್ಲ ಮೂರೂವರೆ ನಿಮಿಷ ಗಂಟೆ ಬಾರಿಸುತ್ತಾ ಕೂತರೆ ಕೆಲಸ ಸಾಗೋದಿಲ್ಲ. ಧ್ವನಿಮತ ಹುಟ್ಟಿದ್ದೇ ಎಲ್ಲರೂ ಒಪ್ಪಿದ್ದನ್ನು ಬೇಗ ಮುಗಿಸೋಕೆ. ಒಪ್ಪದೇ ಇರುವುದನ್ನು ಬೇಗ ಮುಗಿಸೋಕೆ ಅದನ್ನು ಬಳಸಿದಾಗ ತೊಂದರೆ. ಒಂದು ಮಸೂದೆಯನ್ನು ಕಾನೂನಾಗಿಸುವ ಕೊನೆಯ ಮತವಾದರೂ ಹೆಸರು ಹಿಡಿದು ಆಗಲಿ ಅನ್ನೋದು ಅತಿಯಾದ ಬೇಡಿಕೆಯಲ್ಲ. ಸೀಟಿನ ಮುಂದೆ ಬಟನ್ ಇದೆ. ಬೇಕಾಗಿರೋದು 10 ಸೆಕೆಂಡ್.

ನಿಮ್ಮ ಸಂಸದರ ಹಾಜರಾತಿ ಸಂಸತ್ತಿನ ವೆಬ್‌ಸೈಟ್‌ನಲ್ಲಿ ಸಿಗುತ್ತೆ. ಎಷ್ಟು ಪ್ರಶ್ನೆ ಕೇಳಿದರು, ಯಾವ ಚರ್ಚೆಯಲ್ಲಿ ಮಾತಾಡಿದರು ಅನ್ನೋದೂ ಸಿಗುತ್ತೆ. ಡಿವಿಷನ್ ಆದ ದಿನದ ಕಲಾಪದ ವರದಿ ತೆರೆದರೆ ಮತ ಹಾಕಿದವರ ಹೆಸರೂ ಸಿಗುತ್ತೆ. ಒಂದು ಸಲ ಕೂತು ನೋಡಿ, ಮಕ್ಕಳಿಗೂ ತೋರಿಸಿ. ಎಷ್ಟು ಕಾನೂನುಗಳಿಗೆ ಆ ಪಟ್ಟಿ ಸಿಗೋದಿಲ್ಲ ಅನ್ನೋದೂ ಆಗಲೇ ಗೊತ್ತಾಗುತ್ತೆ.

ಮುಂದಿನ ಸಲ ಸಂಸದರು ಊರಿಗೆ ಬಂದಾಗ ರಸ್ತೆ ಕೇಳಿ, ರೈಲು ಕೇಳಿ, ಅದೆಲ್ಲ ಕೇಳಲೇಬೇಕು. ಜೊತೆಗೆ ಇದನ್ನೂ ಕೇಳಿ. ನಮಗೆ ಸಂಬಂಧಿಸಿದ ಮಸೂದೆ ಧ್ವನಿಮತಕ್ಕೆ ಬಂದಾಗ, ನಿಮ್ಮ ಪಕ್ಷ ಯಾವ ಕಡೆಯೇ ಇರಲಿ, ಎದ್ದು ನಿಂತು "ಡಿವಿಷನ್" ಅಂತೀರಾ? ಎಷ್ಟು ಜನ ಜೊತೆಗೆ ಬೇಕು ಅಂತ ಅವರು ಕೇಳಿದರೆ ನಿಯಮ ನಿಮಗೀಗ ಗೊತ್ತಿದೆ, ಹೇಳಿ. ಒಬ್ಬರು ಸಾಕು.